ಮೂರನೇ ದೋಣಿಯ ತಾಂಡೇಲ

ಅಲ್ಲ ಅಲ್ಲ, ರಾಜ ಹತ್ತಿದ ದೋಣಿ ಅದಲ್ಲ. ಆವತ್ತೂ ಇದನ್ನೇ ಹೇಳಕ್ಕೆ ಹೊರಟಿದ್ದೆ, ಮಧ್ಯದಲ್ಲಿ ಮಾತು ಎಲ್ಲೆಲ್ಲಿಗೋ ಹೋಯ್ತು. ದೇಶ ಬಿಟ್ಟು ಹೋದ ದಿನ ರಾಜ, ಅವರಮ್ಮ, ಅವರಜ್ಜಿ ಎಲ್ಲ ಮೊದಲ ಎರಡು ದೋಣೀಲಿ ಹೋದ್ರು. ಅವುಗಳ ಬಗ್ಗೆ ಪೇಪರಲ್ಲೆಲ್ಲ ಬಂತು. ಅವುಗಳಲ್ಲಿ ಹುಟ್ಟು ಹಾಕಿದೋರು ಇವತ್ತಿಗೂ ನಮ್ಮೂರು ಎರಿಸೇರದ ವೈನಂಗಡಿಗೆ ಹೋದ್ರೆ ಪ್ಯಾಟೆಯಿಂದ ಬಂದೋರು ಯಾರಾದ್ರೂ ಒಂದು ಲೋಟ ಕುಡಿಸ್ತಾರೆ, ಇವ್ರು ಕತೆ ಹೇಳ್ತಾರೆ, ಪ್ರತಿ ಸಲ ಹೇಳ್ದಾಗ್ಲೂ ಅಲೆ ಒಂದೊಂದು ಗೇಣು ಎತ್ತರ ಆಗತ್ತೆ. ನಾನು ಹೇಳ್ತಿರೋದು ಮೂರನೇ ದೋಣಿ. ಟ್ರಂಕು, ಹಾಸಿಗೆ ಗಂಟು, ಆಳುಕಾಳು ಹಾಕ್ಕೊಂಡು ಹೋಗಿದ್ದು. ಅದರ ತಾಂಡೇಲ, ಅಂದ್ರೆ ದೋಣಿ ನಡೆಸೋ ಮುಖ್ಯಸ್ಥ, ನಮ್ಮ ಪಕ್ಕದ ಮನೆ ಜೆಫೆರೀನು ಮಾಮ. ಅವರಿಗೆ ಯಾರೂ ಲೋಟ ಕುಡಿಸಲ್ಲ. ಕುಡಿಸಿದ್ರೂ ಅವ್ರು ಕತೆ ಹೇಳೋರಲ್ಲ.

ನಂಗೆ ಮಾತ್ರ ಹೇಳಿದಾರೆ. ಯಾಕೆ ಅಂದ್ರೆ ನಾನು ಬಿಡ್ಲಿಲ್ಲ. ನಮ್ಮಮ್ಮ ಮೀನು ಬುಟ್ಟಿ ಹೊತ್ಕೊಂಡು ಹೋದ ಮೇಲೆ ನಾನು ಅವ್ರ ಗೋಡೆ ಮೇಲೆ ಕೂತ್ಕೊಂಡು, ಅವ್ರು ಬಲೆ ಹೆಣೀತಿರೋದು ನೋಡ್ತಾ, ಮಾಮ ಆಮೇಲೆ, ಮಾಮ ಆಮೇಲೆ ಅಂತ ತಲೆ ತಿಂತಿದ್ದೆ. "ನಿಮ್ಮಮ್ಮ ಬಾಲ ಆಡ್ಸೋ ಮೀನು ಮಾರ್ತಾಳೆ, ನೀನು ನಾಲಿಗೆ ಆಡಿಸ್ತೀಯ, ನಿಮ್ಮನೇಲಿ ಸುಮ್ನಿರೋದು ಒಂದಾದ್ರೂ ಇದೆಯೇನೇ?" ಅನ್ನೋರು. ಬೈದು ಬೈದು ಕೊನೆಗೆ ಹೇಳೋರು.

ಈಗ ಎಪ್ಪತ್ನಾಕು ವರ್ಷ ಅವರಿಗೆ. ಆಗ ಐವತ್ತಾರು. ಇಪ್ಪತ್ತೆರಡು ವರ್ಷ ತಾಂಡೇಲ ಆಗಿದ್ರು, ಒಬ್ಬನೇ ಒಬ್ಬ ಮನುಷ್ಯನ್ನೂ ಕಳ್ಕೊಂಡಿರ್ಲಿಲ್ಲ. ನಮ್ಮ ದಂಡೇಲಿ ಇದು ಸಣ್ಣ ಮಾತಲ್ಲ. ನಮ್ದು ಬಂದರು ಅಲ್ಲ ನೋಡಿ, ಬಂಡೆ ಮಧ್ಯ ಒಂದು ಚೂರು ಮರಳು, ಅಷ್ಟೆ. ಅಲೆಗಳು ಗುಂಪುಗುಂಪಾಗಿ ಬರ್ತವೆ. ಐದೋ ಆರೋ ದೊಡ್ಡವು ಬಂದು ಹೋದ ಮೇಲೆ ಸ್ವಲ್ಪ ಹೊತ್ತು ನೀರು ಉಸಿರು ಹಿಡ್ಕೊಂಡ ಹಾಗೆ ನಿಲ್ಲತ್ತೆ. ಆ ಗಳಿಗೇಲಿ ದೋಣಿ ತಳ್ಳಬೇಕು. ಆಗ ಯಾರು ಮೊದ್ಲು ಹತ್ತಬೇಕು, ಯಾರು ಎಲ್ಲಿ ಕೂರಬೇಕು, ಯಾರು ಇಳೀಬೇಕು, ಎಲ್ಲ ತಾಂಡೇಲನ ಮಾತು. ಯಾಕೆ ಅಂತ ಕೇಳೋ ಹಾಗಿಲ್ಲ. ಕೇಳಕ್ಕೆ ಹೊತ್ತಿರಲ್ಲ. ನಮ್ಮ ತಾತನ ಕಾಲದಲ್ಲಿ ಒಬ್ಬ, ತಾಂಡೇಲ ಇಳಿ ಅಂದ್ರೆ ಯಾಕೆ ಅಂದನಂತೆ, ಆ ಒಂದು ಯಾಕೆಗೆ ಒಂಬತ್ತು ಜನ ಹೋದ್ರು. ಅವತ್ತಿಂದ ನಮ್ಮೂರ ಮಕ್ಕಳಿಗೆ ನಡಿಯೋದು ಕಲ್ಸೋವಾಗ್ಲೇ ಇದನ್ನೂ ಕಲಿಸ್ತಾರೆ. ಮನೇಲಿ ಅಪ್ಪನ ಜೊತೆ ಎಷ್ಟಾದ್ರೂ ಜಗಳ ಆಡು, ಪಾದ್ರಿಗಳ ಜೊತೆ ವಾದ ಮಾಡು, ಕಾಲಿಗೆ ಮರಳು ತಾಗಿದ ಮೇಲೆ ಬಾಯಿ ಮುಚ್ಕೋ. ಹಾಗೇನೇ ತಾಂಡೇಲನೂ ಮರಳಿನ ಮೇಲೆ ಸುಳ್ಳು ಹೇಳೋ ಹಾಗಿಲ್ಲ. ಇದನ್ನ ಯಾರಿಗೂ ಕಲಿಸಲ್ಲ, ಯಾಕಂದ್ರೆ ಅಲ್ಲಿ ಯಾವ ತಾಂಡೇಲನೂ ಸುಳ್ಳು ಹೇಳಿರ್ಲೇ ಇಲ್ಲ.

ಮಾಮ ಪ್ರಜಾರಾಜ್ಯದೋರು. ರಾಜ ಬೇಡ ಅನ್ನೋರು. ದೋಣಿ ಎಳೆದು ಕಟ್ಟಿದ ಮೇಲೆ ಸೀದಾ ಕಸಿಮೀರು ಕ್ಷೌರದಂಗಡಿಗೆ ಹೋಗೋರು. ಕಸಿಮೀರು ನಮ್ಮೂರಲ್ಲಿ ಪೇಪರ್ ಓದೋನು, ಒಂದು ಕೈಲಿ ಕತ್ತಿ ಒಂದು ಕೈಲಿ ಪೇಪರ್. ರಾಜನ ಖರ್ಚಿನ ಲೆಕ್ಕ ಬಂದ ದಿನ ಯಾರೂ ಗಡ್ಡ ಮಾಡಿಸ್ಕೊಳಕ್ಕೆ ಹೋಗ್ತಿರ್ಲಿಲ್ಲ, ಕೈ ನಡುಗ್ತಿತ್ತು ಅವಂದು. ಮಾಮಂಗೆ ಓದಕ್ಕೆ ಬರ್ತಿರ್ಲಿಲ್ಲ. ಆದ್ರೆ ಕಸಿಮೀರು ಓದಿದ್ದ ಒಂದು ಮಾತು ಹಿಡ್ಕೊಂಡುಬಿಟ್ಟಿದ್ರು. ಜನರನ್ನ ಕೇಳ್ದೆ ಜನರ ಬದುಕನ್ನ ಯಾರೂ ತೀರ್ಮಾನ ಮಾಡೋ ಹಾಗಿಲ್ಲ ಅನ್ನೋದು. ಅದನ್ನ ಎಲ್ಲರಿಗೂ ಹೇಳೋರು. ಸಾರ್ಡೀನು ಮೀನು ಸುಡ್ತಾ ಹೇಳೋರು, ಬಲೆ ಒಣಗಿಸ್ತಾ ಹೇಳೋರು. ಅವ್ರ ಹೆಂಡ್ತಿ ಕಿತೇರಿಯ ಅತ್ತೆ ಒಂದು ದಿನ, "ಸರಿ, ಇವತ್ತು ಹುರುಳಿಕಾಯಿ ಸಾರು ಮಾಡ್ಲೋ ಎಲೆಕೋಸಿನ ಸಾರೋ ಅಂತ ನನ್ನ ಕೇಳಿದ್ರಾ? ನಾನು ಜನ ಅಲ್ವಾ?" ಅಂದ್ರಂತೆ.

ಇಂಥಾ ಮನುಷ್ಯನ ಒಬ್ಬಳೇ ಮಗಳು ಅರಮನೆ ಸೇರಿದ್ದಳು, ನೋಡಿ.

ಫ್ಲೋರಿಂಡಾ ಅಂತ. ಹದಿನಾಲ್ಕಕ್ಕೆ ಕಿತೇರಿಯ ಅತ್ತೆ ಪಾದ್ರಿಗಳ ಕೈಲಿ ಹೇಳ್ಸಿ ಅವಳನ್ನ ಸಿಂತ್ರದ ಅರಮನೆಗೆ ಬಿಳಿಬಟ್ಟೆ ಕೆಲಸಕ್ಕೆ ಸೇರ್ಸಿದ್ರು. ಒಗೆಯೋದು, ಗಂಜಿ ಹಾಕೋದು, ಇಸ್ತ್ರಿ, ಲೇಸು ನೆರಿಗೆ. ಮಾಮ ಒಂದು ತಿಂಗಳು ಹೆಂಡ್ತಿ ಜೊತೆ ಮಾತಾಡ್ಲಿಲ್ಲ. ಕ್ಷೌರದಂಗಡೀಲಿ ಎಲ್ರೂ ಕಿಚಾಯ್ಸೋರು. "ಏನ್ ಜೆಫೆರೀನು, ನೀನು ರಾಜನ್ನ ಇಳಿಸ್ತೀನಿ ಅಂತೀಯ, ನಿನ್ ಮಗಳು ಅವನ ಅಂಗಿಗೆ ಗಂಜಿ ಹಾಕಿ ನೆಟ್ಟಗೆ ನಿಲ್ಲಿಸ್ತಿದ್ದಾಳೆ" ಅಂತ ಕಸಿಮೀರು. ಮಾಮಂಗೆ ಒಳಗೆ ಇಳೀತಿತ್ತು ಅದು.

ಅಲ್ಲಿ ಬಿಳಿಬಟ್ಟೆ ಕೋಣೆ ನೋಡ್ಕೊಳ್ಳೋ ಒಬ್ಬ ಮುದುಕಿ ಇದ್ರು, ದೋನ ಎವುಫ್ರಾಜಿಯ. ದೋನ ಅಂದ್ರೆ ಅಮ್ಮಾವ್ರು ಅಂದ ಹಾಗೆ. ಮದುವೆ ಇಲ್ಲ, ಮಕ್ಕಳಿಲ್ಲ, ನಲವತ್ತು ವರ್ಷದಿಂದ ಅದೇ ಕೋಣೆ. ಅವ್ರೇ ಫ್ಲೋರಿಂಡಾಗೆ ಎಲ್ಲ ಕಲಿಸಿದ್ದು. ಮಗಳು ರಜಕ್ಕೆ ಬಂದಾಗ ಮಾತೆತ್ತಿದ್ರೆ ದೋನ ಎವುಫ್ರಾಜಿಯ ಹಾಗಂದ್ರು, ಹೀಗಂದ್ರು. ಮಾಮಂಗೆ ಕೇಳಿ ಕೇಳಿ ಸಾಕಾಗೋದು.

"ನಿಮ್ ದೋನ ನಿನ್ನ ಆಳು ಅಂತ ನೋಡ್ತಾಳೋ ಮಗಳು ಅಂತ ನೋಡ್ತಾಳೋ?"

"ಎರಡೂ ಅಲ್ಲ ಅಪ್ಪ. ಕಣ್ಣು ಅಂತ ನೋಡ್ತಾರೆ."

ಇದೇನೋ ಅರಮನೆ ಮಾತು, ಅಲಂಕಾರದ ಮಾತು ಅಂತ ಮಾಮ ನಕ್ಕುಬಿಟ್ರು. ಮಗಳಿಗೆ ಹೇಳಕ್ಕೆ ಆಗ್ತಿರ್ಲಿಲ್ಲ, ಮಾತು ಕೊಟ್ಟಿದ್ದಳು. ವಿಷಯ ಏನಂದ್ರೆ ಆ ಮುದುಕಿಗೆ ಕಣ್ಣು ಹೋಗಿತ್ತು. ಮೂರು ವರ್ಷದಿಂದ ಹೆಚ್ಚುಕಡಿಮೆ ಪೂರ್ತಿ. ಕೋಣೆ ಒಳಗೆ ಪ್ರತಿ ಕಪಾಟು ಕೈಗೆ ಗೊತ್ತಿತ್ತು, ಬಟ್ಟೆ ಮುಟ್ಟಿದ್ರೆ ಯಾರದು ಅಂತ ಹೇಳೋರು, ಅದಕ್ಕೇ ಯಾರಿಗೂ ಅನುಮಾನ ಬಂದಿರ್ಲಿಲ್ಲ. ಸೂಜಿ ಕೆಲಸ, ಕಲೆ ಹುಡುಕೋದು, ಪಟ್ಟಿ ಓದೋದು ಎಲ್ಲ ಫ್ಲೋರಿಂಡಾ ಮಾಡೋಳು, ಹೆಸರು ಮುದುಕೀದು. ಗೊತ್ತಾದ್ರೆ ಕೆಲ್ಸಕ್ಕೆ ಬಾರದೋಳು ಅಂತ ಹೊರಗೆ ಹಾಕ್ತಾರೆ ಅಂತ ಭಯ. ಇಬ್ರಿಗೂ.

ಆಮೇಲೆ ಅಕ್ಟೋಬರ್ ಬಂತು. ನಾನಾಗ ತೊಟ್ಟಿಲಲ್ಲಿ, ನಂಗೇನು ಗೊತ್ತು, ಎಲ್ಲ ಕೇಳಿದ್ದು. ಲಿಸ್ಬನ್ನಲ್ಲಿ ತೋಪು ಹಾರ್ತಿದೆ ಅಂತ ಸುದ್ದಿ. ನಾವಿಕರು ಎದ್ದಿದ್ದಾರೆ, ಬೀದೀಲಿ ಅಡ್ಡಗಟ್ಟೆ ಕಟ್ಟಿದ್ದಾರೆ, ಬಡಗಿ, ಅಂಗಡಿ ಗುಮಾಸ್ತ, ಎಲ್ಲರ ಕೈಲೂ ಬಂದೂಕು. ಎರಡು ದಿನ ಇಲ್ಲ ಗೆದ್ರು, ಇಲ್ಲ ಸೋತ್ರು, ಇದೇ. ಐದನೇ ತಾರೀಕು ಬೆಳಿಗ್ಗೆ ತಂತಿ ಬಂತು, ರಾಜ್ಯ ಬಿತ್ತು, ಪ್ರಜಾರಾಜ್ಯ ಆಯ್ತು ಅಂತ. ಕಸಿಮೀರು ಅಂಗಡಿ ಒಳಗಿಂದ ಕೆಂಪು ಹಸಿರು ಬಾವುಟ ತೆಗೆದ. ಎರಡು ವರ್ಷದಿಂದ ಟವೆಲ್ಲುಗಳ ಕೆಳಗೆ ಇಟ್ಟಿದ್ದನಂತೆ, ಸೋಪಿನ ವಾಸನೆ ಹೊಡೀತಿತ್ತಂತೆ. ಮಾಮ ಅದನ್ನ ಮುಟ್ಟಿ ಅತ್ತುಬಿಟ್ರು. ಇದನ್ನ ಅವರೇ ಹೇಳಿದ್ದು ನಂಗೆ, ನಾಚ್ಕೊಳ್ದೆ. "ಅಷ್ಟು ಸಂತೋಷ ನಂಗೆ ಮದುವೇಲೂ ಆಗಿರ್ಲಿಲ್ಲ ಕಣೇ" ಅಂದ್ರು.

ಊರೋರು ಇನ್ನೂ ಬಾವುಟ ಕಟ್ಟೋ ಕೋಲು ಹುಡುಕ್ತಿದ್ದಾರೆ, ಅಷ್ಟ್ರಲ್ಲಿ ಮಾಫ್ರ ಕಡೆಯಿಂದ ಮೋಟಾರುಗಳು ಬಂದ್ವು. ರಾಜನ ಮನೆಯೋರು. ಅವ್ರ ಹಡಗು ದೂರದಲ್ಲಿ ನಿಂತಿದೆ, ಅಲ್ಲಿಗೆ ಹೋಗಕ್ಕೆ ದೋಣಿ ಬೇಕು. ಊರಿಗೆ ಊರೇ ಮೇಲಿನ ಗೋಡೆ ಹತ್ರ ಬಂದು ನಿಂತ್ಕೊಂಡು ಕೆಳಗೆ ನೋಡ್ತಿತ್ತು. ಯಾರೂ ಬೈಲಿಲ್ಲ, ಯಾರೂ ಜೈ ಅನ್ಲಿಲ್ಲ. ಕೆಲವು ಹೆಂಗಸರು ಅಳ್ತಿದ್ರು, ನಮ್ಮಜ್ಜಿನೂ. ಕಸಿಮೀರೇ ದಂಡೆಗೆ ಇಳಿದು ತಾಂಡೇಲರಿಗೆ ಹೇಳಿದ್ನಂತೆ, "ಕರ್ಕೊಂಡು ಹೋಗಿ, ಮರ್ಯಾದೆಯಾಗೇ ಕರ್ಕೊಂಡು ಹೋಗಿ. ಸಾಮಾನು ಮಾತ್ರ ಒಂದೂ ಬಿಡ್ಬೇಡಿ. ಆಮೇಲೆ ಛತ್ರಿ ಮರೆತೆ ಅಂತ ವಾಪಸ್ ಬಂದಾರು."

ಮೊದಲ ಎರಡು ದೋಣಿ ಹೋದ್ವು. ಮಾಮಂದು ಮೂರನೇದು. ಹುಟ್ಟಿಗೆ ಆರು ಜನ. ಟ್ರಂಕು ಇಟ್ಟಾಯ್ತು, ಇಬ್ರು ಅಡುಗೆಯೋರು ಹತ್ತಿದ್ರು, ಒಬ್ಬ ಹೆಂಗಸು ಹಕ್ಕಿ ಪಂಜರ ಹಿಡ್ಕೊಂಡು ಹತ್ತಿದ್ಳು. ಆಮೇಲೆ ಇಳಿಜಾರಲ್ಲಿ ಮಗಳು ಬರ್ತಿರೋದು ಕಾಣಿಸ್ತು. ಕಂಕುಳಲ್ಲಿ ಗಂಟು, ಇನ್ನೊಂದು ಕೈಲಿ ಮುದುಕಿ ತೋಳು.

ಮಾಮ ನಕ್ಕರಂತೆ ಅವಳನ್ನ ನೋಡಿ. "ಬಾ ಬಾ. ಮುಗೀತಲ್ಲ ನಿನ್ನ ಚಾಕರಿ. ಮನೇಲಿ ಅಮ್ಮ ರೊಟ್ಟಿ ಸುಡ್ತಿದ್ದಾಳೆ, ಮೇಲಕ್ಕೆ ಹೋಗು."

"ಇಲ್ಲಪ್ಪ. ನಾನೂ ಹೋಗ್ತೀನಿ ಇವ್ರ ಜೊತೆ."

"ಎಲ್ಲಿಗೆ?"

"ಹಡಗು ಎಲ್ಲಿಗೆ ಹೋಗತ್ತೋ ಅಲ್ಲಿಗೆ."

"ತಲೆ ಕೆಟ್ಟಿದೆಯಾ? ಇವತ್ತು ಯಾವ ದಿನ ಗೊತ್ತಾ? ಇವತ್ತಿಂದ ನೀನು ಯಾರ ಅಂಗಿನೂ ಒಗೀಬೇಕಾಗಿಲ್ಲ."

"ಅಪ್ಪ, ಮನೇಲಿ ಆಗಿದ್ರೆ ಕೂತು ಹೇಳ್ತಿದ್ದೆ. ಈಗ ಹೇಳಕ್ಕಾಗಲ್ಲ. ನಾನು ಇರ್ಲೇಬೇಕು. ಇವ್ರಿಗೆ ನಾನಿಲ್ದೆ ಆಗಲ್ಲ."

ಮುದುಕಿ ಪಕ್ಕದಲ್ಲೇ ನಿಂತಿದ್ರು, ಅರಮನೆ ಆಳುಗಳೂ ಇದ್ರು, ಅವರ ಮುಂದೆ ಹೇಗೆ ಹೇಳ್ತಾಳೆ ಇವ್ರಿಗೆ ಕಣ್ಣಿಲ್ಲ ಅಂತ? ಆದ್ರೆ ಮಾಮಂಗೆ ಕೇಳ್ಸಿದ್ದು ಆಳಿನ ಮಾತು. ದೊಡ್ಡೋರಿಗೆ ನಾನಿಲ್ದೆ ಆಗಲ್ಲ ಅಂತ ಆಳುಗಳೆಲ್ಲ ಅಂದ್ಕೋತಾರೆ, ಅದೇ ಅವರ ಸಂಕಲೆ ಅಂತ ಕಸಿಮೀರು ಓದಿ ಹೇಳಿದ್ದ.

ಇಬ್ರು ಹುಟ್ಟಿನೋರು ಮುದುಕೀನ ಎತ್ತಿ ದೋಣೀಲಿ ಕೂರಿಸಿದ್ರು. ಫ್ಲೋರಿಂಡಾ ಲಂಗ ಎತ್ತಿ ಕಟ್ಕೊಂಡು, ಗಂಟು ಒಳಗೆ ಹಾಕಿ, ಒಂದು ಕಾಲು ದೋಣಿ ಒಳಗಿಟ್ಳು. ದೋಣೀಲಿ ಇನ್ನೂ ಇಬ್ರು ಕೂರೋ ಜಾಗ ಇತ್ತು. ಸಮುದ್ರನೂ ಅಷ್ಟೇನು ಕೆಟ್ಟಿರ್ಲಿಲ್ಲ. ಎಲ್ಲ ಗೊತ್ತಿತ್ತು ಮಾಮಂಗೆ. ಅವ್ರು ಗಂಟನ್ನ ತೆಗೆದು ಅವಳ ಕೈಗೆ ಕೊಟ್ಟು, ಅಪ್ಪನ ದನಿ ಅಲ್ಲ, ತಾಂಡೇಲನ ದನೀಲಿ ಅಂದ್ರು.

"ಇಳಿ. ಭಾರ ಆಯ್ತು. ಇನ್ನೊಂದು ಸಲ ಬಂದು ಕರ್ಕೊಂಡು ಹೋಗ್ತೀನಿ."

ಅವಳು ಇಳಿದ್ಳು. ಯಾಕೆ ಅನ್ಲಿಲ್ಲ. ಮನೇಲಿ ಆಗಿದ್ರೆ ಅಪ್ಪನ್ನ ತಳ್ಳಿ ಹತ್ತಿಬಿಡೋಳು, ಅಂಥಾ ಹುಡುಗಿ ಅವಳು. ಆದ್ರೆ ಕಾಲ ಕೆಳಗೆ ಮರಳಿತ್ತು.

"ಇಳಿದ್ಬಿಟ್ಳು ಕಣೇ" ಅಂತಾರೆ ಮಾಮ ಇದನ್ನ ಹೇಳೋವಾಗೆಲ್ಲ. ಬಲೆ ಸೂಜಿ ನಿಲ್ಲತ್ತೆ ಅಲ್ಲಿ. "ಒಂದೇ ಒಂದು ಸಲ ಯಾಕೆ ಅಂದಿದ್ರೆ ನನ್ನ ಕೈಲಿ ಎರಡನೇ ಸಲ ಆ ಸುಳ್ಳು ಹೇಳಕ್ಕಾಗ್ತಿರ್ಲಿಲ್ಲ."

ದೋಣಿ ತಳ್ಳಿದ್ರು. ಅಲೆ ಸದ್ದಲ್ಲಿ ಇಳಿ ಅಂದಿದ್ದು ಮುದುಕಿಗೆ ಕೇಳಿಸಿರ್ಲಿಲ್ಲ. ಅಲೆ ದಾಟಿದ ಮೇಲೆ ಮುದುಕಿ ತಲೆ ತಿರುಗಿಸಿ, "ಫ್ಲೋರಿಂಡಾ, ಎಲ್ಲಿ ಕೂತಿದ್ದೀಯ? ಕೈ ಕೊಡು" ಅಂದ್ರಂತೆ. ಮುದುಕಿ ಕೈ ಚಾಚಿ ಹುಡುಕಿದ್ರು. ಬಲಗಡೆ ಟ್ರಂಕು ಸಿಕ್ತು, ಅದನ್ನ ತಡವಿದ್ರು. ಎಡಗಡೆ ದೋಣಿ ಅಂಚು ಸಿಕ್ತು, ಅದನ್ನ ಕೊನೇವರೆಗೂ ತಡವ್ಕೊಂಡು ಹೋದ್ರು. ಎದುರಿಗೆ ಮಾಮನ ಮೊಣಕಾಲು ಸಿಕ್ತು. ಅದನ್ನ ಹಿಡ್ಕೊಂಡು ಮುಖ ಎತ್ತಿ, "ನೀನಾ?" ಅಂದ್ರು. ಮಾಮ ಆ ಕಣ್ಣು ನೋಡಿದ್ರು. ಬೆಳ್ಳಗೆ, ಬೇಯಿಸಿದ ಮೀನಿನ ಕಣ್ಣಿನ ಥರ.

ಅಲ್ಲಿ ಗೊತ್ತಾಯ್ತು. ಕಣ್ಣು ಅಂತ ನೋಡ್ತಾರೆ ಅಂದಿದ್ದು ಏನು ಅಂತ.

ದಂಡೆ ಇನ್ನೂ ಹತ್ರಾನೇ ಇತ್ತು. ಕಲ್ಲು ಎಸೆದ್ರೆ ಬೀಳೋ ದೂರ. ಮಗಳು ಮೊಣಕಾಲುದ್ದದ ನೀರಲ್ಲಿ ನಿಂತಿರೋದು ಕಾಣ್ತಿತ್ತು. ತಿರುಗ್ಸಿ ಅಂದಿದ್ರೆ ಆರು ಜನ ತಿರುಗ್ಸೋರು, ಯಾಕೆ ಅಂತನೂ ಕೇಳ್ತಿರ್ಲಿಲ್ಲ. ಆದ್ರೆ ತಿರುಗಿಸಿದ್ರೆ ಭಾರ ಆಯ್ತು ಅಂದಿದ್ದು ಸುಳ್ಳು ಅಂತ ಆರು ಜನಕ್ಕೂ ಗೊತ್ತಾಗತ್ತೆ. ಇಪ್ಪತ್ತೆರಡು ವರ್ಷದ ತಾಂಡೇಲ. ಬಾಯಿ ಬರ್ಲಿಲ್ಲ. ಹಡಗಲ್ಲಿ ಹೊಗೆ ಜಾಸ್ತಿ ಆಗ್ತಿತ್ತು, ಬೇಗ ಬೇಗ ಅಂತ ಕೂಗ್ತಿದ್ರು. ಮಾಮ ಮುದುಕಿ ಕೈ ಮೇಲೆ ತಮ್ಮ ಕೈ ಇಟ್ಟು, "ಮುಂದಿನ ದೋಣೀಲಿ ಬರ್ತಾಳೆ ತಾಯಿ" ಅಂದ್ರು. ಅದು ಎರಡನೇ ಸುಳ್ಳು.

ಮುದುಕಿ ನಂಬಿದ್ರು. ಹಡಗಿಗೆ ಎತ್ತೋವಾಗ, "ಆ ಹುಡುಗೀಗೆ ಅಲೆ ಅಂದ್ರೆ ಭಯ ಇಲ್ಲ, ಆದ್ರೂ ಜೋಪಾನವಾಗಿ ಕರ್ಕೊಂಡು ಬಾಪ್ಪ" ಅಂದ್ರಂತೆ.

ವಾಪಸ್ ಬರೋವಾಗ ಮಾಮ ನಿಧಾನ ಹಾಕಿ ಅಂದ್ರು. ಅರ್ಧ ದಾರಿಗೆ ಬರೋ ಹೊತ್ತಿಗೆ ಹಡಗು ಹೊರಟಿತ್ತು. ಫ್ಲೋರಿಂಡಾ ನೀರಲ್ಲೇ ನಿಂತಿದ್ಳು, ಗಂಟು ತಲೆ ಮೇಲೆ ಇಟ್ಕೊಂಡು, ಹತ್ತಕ್ಕೆ ತಯಾರಾಗಿ. ದೋಣಿ ಮರಳಿಗೆ ಬಂದ ಮೇಲೂ ಅವಳು ಹಡಗಿನ ಕಡೇನೇ ನೋಡ್ತಿದ್ಳು.

"ಹೋಯ್ತಲ್ಲಪ್ಪ" ಅಂದ್ಳು.

"ಹೋಗ್ಲಿ ಬಿಡು. ಒಂದಿನ ನಂಗೆ ಥ್ಯಾಂಕ್ಸ್ ಹೇಳ್ತೀಯ."

ಅವಳು ದೋಣಿ ಒಳಗೆ ನೋಡಿದ್ಳು. ಒದ್ದೆ ಆಗದೇ ಇರೋ ಹಲಗೆ ಎಷ್ಟಿದೆ ಅಂತ ನೋಡಿದ್ಳು. ಮೀನುಗಾರನ ಮಗಳಲ್ವಾ, ಭಾರ ಇದ್ದ ದೋಣಿ ಹೇಗೆ ನೆನೆಯತ್ತೆ ಅಂತ ಗೊತ್ತಿರಲ್ವಾ. ಆಮೇಲೆ ಅಪ್ಪನ ಮುಖ ನೋಡಿದ್ಳು. ಹುಟ್ಟಿನೋರು ಯಾರೂ ತಲೆ ಎತ್ತಲಿಲ್ಲ.

ಆ ದಿನ ಊರೆಲ್ಲ ಬಾವುಟ, ಬ್ಯಾಂಡು. ಕಸಿಮೀರು ಮೇಜು ಹತ್ತಿ ಭಾಷಣ ಮಾಡಿ ಮೇಜು ಮುರಿದ. ಮಾಮನ ಮನೇಲಿ ಮಾತ್ರ ಮೂರು ಜನ ರೊಟ್ಟಿ ಮುಂದೆ ಕೂತಿದ್ರು. ಫ್ಲೋರಿಂಡಾ ಅಲ್ಲಿ ಎಲ್ಲ ಹೇಳಿದ್ಳು, ಕಣ್ಣಿನ ವಿಷಯ, ಮೂರು ವರ್ಷದ ವಿಷಯ. ಕಿತೇರಿಯ ಅತ್ತೆ ತಲೆ ಮೇಲೆ ಶಾಲು ಎಳ್ಕೊಂಡು ಅತ್ರು. ಮಾಮ, "ನಂಗೆ ಗೊತ್ತಿರ್ಲಿಲ್ಲ ಮಗಳೇ, ನಿನ್ನ ಒಳ್ಳೇದಕ್ಕೇ ಮಾಡ್ದೆ" ಅಂದ್ರು.

"ಜನರನ್ನ ಕೇಳ್ದೆ ಅವರ ಬದುಕು ತೀರ್ಮಾನ ಮಾಡಬಾರ್ದು ಅಂತಿದ್ದೆ ನೀನು" ಅಂದ್ಳು ಅವಳು. ಜೋರಾಗಿ ಅಲ್ಲ. "ಇವತ್ತು ರಾಜ ಹೋದ ಅಂತ ಊರೆಲ್ಲ ಕುಣೀತಿದೆ. ಹೋಗಿರೋದು ಯಾವ ರಾಜ ಅಪ್ಪ?"

ಮಾಮಂಗೆ ಆ ರಾತ್ರಿ ಅದು ಅಷ್ಟು ದೊಡ್ಡದಾಗಿ ಕಾಣ್ಲಿಲ್ಲ. ಮಗಳು ಬೈದ್ರೆ ಬೈತಾಳೆ, ಸರಿ ಹೋಗ್ತಾಳೆ ಅಂದ್ಕೊಂಡಿದ್ರು. ನಾಲ್ಕು ದಿನ ಆದ ಮೇಲೆ ದೋಣಿ ಇಳ್ಸಿದ್ರು. ಅಲೆ ನೋಡಿ, "ಈಗ, ತಳ್ಳಿ" ಅಂದ್ರು. ಮುಂದುಗಡೆ ಹುಟ್ಟು ಹಾಕೋ ಆದೆಲೀನು ಅಂತ ಒಬ್ಬ, ಹದಿನೈದು ವರ್ಷದಿಂದ ಇವರ ಜೊತೆ ಇದ್ದೋನು, ತಳ್ಳೋಕೆ ಮುಂಚೆ ತಲೆ ಎತ್ತಿ ಸಮುದ್ರದ ಕಡೆ ಒಂದು ಸಲ ನೋಡಿದ. ಅಷ್ಟೆ. ಕಣ್ಣು ಮಿಟುಕಿಸೋಷ್ಟು ಹೊತ್ತು. ಆಮೇಲೆ ತಳ್ಳಿದ. ಹದಿನೈದು ವರ್ಷದಲ್ಲಿ ಯಾವತ್ತೂ ನೋಡಿರ್ಲಿಲ್ಲ ಅವನು, ತಾಂಡೇಲ ಈಗ ಅಂದ್ರೆ ಈಗ.

"ಅವನು ನನ್ನ ಕಪಾಳಕ್ಕೆ ಹೊಡ್ದಿದ್ರೆ ಸುಲಭ ಆಗ್ತಿತ್ತು" ಅಂತಾರೆ ಮಾಮ. "ತಾಂಡೇಲನ ಮಾತನ್ನ ಒಬ್ಬ ಪರೀಕ್ಷೆ ಮಾಡಕ್ಕೆ ಶುರು ಮಾಡ್ದ ಅಂದ್ರೆ ಆ ದೋಣಿ ಮುಳುಗೋ ದಿನ ದೂರ ಇಲ್ಲ. ತಪ್ಪು ಅವಂದಲ್ಲ. ಬುದ್ಧಿವಂತ ಅವನು."

ತಿಂಗಳು ತುಂಬೋದ್ರೊಳಗೆ ದೋಣೀನ ಆದೆಲೀನುಗೇ ಕೊಟ್ಟುಬಿಟ್ರು. ಊರೋರು, ಪ್ರಜಾರಾಜ್ಯದಲ್ಲಿ ಏನೋ ದೊಡ್ಡ ಹುದ್ದೆ ಸಿಗತ್ತೆ ಅದಕ್ಕೇ ಬಿಟ್ಟಿದ್ದಾನೆ ಅಂತ ಆಡ್ಕೊಂಡ್ರು. ಕಸಿಮೀರು ನಿಜಕ್ಕೂ ಕರೆದ, ಅವನಾಗ ಊರ ಸಭೆ ಅಧ್ಯಕ್ಷ, ಕೋಟು ಹಾಕ್ಕೊಂಡು ಬಂದು, "ದಂಡೆ ಮೇಲ್ವಿಚಾರಕ ಆಗು ಮಾರಾಯ, ಟೋಪಿ ಕೊಡ್ತಾರೆ" ಅಂದ. ಮಾಮ, "ಟೋಪಿ ನೀನೇ ಹಾಕ್ಕೋ, ಕೂದಲು ಉದುರ್ತಿದೆ" ಅಂದ್ರು. ಕಾರಣ ಹೇಳ್ಲಿಲ್ಲ. ಕಸಿಮೀರುಗೆ ಇವತ್ತಿಗೂ ಗೊತ್ತಿಲ್ಲ.

ಕಸಿಮೀರು ಫ್ಲೋರಿಂಡಾಗೂ ಕೆಲಸ ಕೊಡ್ತೀನಿ ಅಂದಿದ್ದ. ಏನು ಕೆಲಸ ಅಂತೀರಾ? ಸಭೆಯೋರ ಅಂಗಿ, ಮೇಜುಬಟ್ಟೆ ಒಗೆಯೋದು. ಅವಳು ನಕ್ಕಳಂತೆ, ಆ ದಿನದಿಂದ ಈಚೆಗೆ ನಕ್ಕಿದ್ದು ಅದೊಂದೇ ಸಲ. ಕ್ರಿಸ್ಮಸ್ಸಿಗೆ ಮುಂಚೇನೇ ಲಿಸ್ಬನ್ಗೆ ಹೊರಟುಹೋದ್ಳು, ಒಂದು ಇಸ್ತ್ರಿ ಅಂಗಡೀಲಿ ಸೇರ್ಕೊಂಡ್ಳು.

ಮಾರನೇ ವರ್ಷ ಕಿತೇರಿಯ ಅತ್ತೆಗೆ ಪಾದ್ರಿಗಳ ಮೂಲಕ ಸುದ್ದಿ ಬಂತು. ದೋನ ಎವುಫ್ರಾಜಿಯಗೆ ಕಣ್ಣಿಲ್ಲ ಅನ್ನೋದು ಹಡಗಲ್ಲೇ ಎರಡನೇ ದಿನಕ್ಕೆ ಗೊತ್ತಾಗಿತ್ತಂತೆ. ದಾರೀಲಿ ಒಂದು ಊರಲ್ಲಿ ಅವರನ್ನ ಅನಾಥರನ್ನ ನೋಡ್ಕೊಳ್ಳೋ ಮನೇಲಿ ಬಿಟ್ಟರಂತೆ. ಅಲ್ಲಿ ಯಾರಿಗೂ ನಮ್ಮ ಭಾಷೆ ಬರ್ತಿರ್ಲಿಲ್ಲ. ಬಾಗಿಲು ಸದ್ದಾದಾಗೆಲ್ಲ ಒಂದು ಹೆಸರು ಕೂಗ್ತಿದ್ರಂತೆ. ಏನು ಕೂಗ್ತಾರೆ ಅಂತ ಅಲ್ಲಿನೋರಿಗೆ ಅರ್ಥ ಆಗ್ತಿರ್ಲಿಲ್ಲ. ಆ ಚಳಿಗಾಲ ದಾಟ್ಲಿಲ್ಲ ಅವರು.

ಆಮೇಲಿಂದ ಏನು ಹೇಳ್ಲಿ. ವರ್ಷಕ್ಕೊಂದು ಸರ್ಕಾರ, ಕೆಲವು ವರ್ಷ ಮೂರು. ಯುದ್ಧಕ್ಕೆ ಹುಡುಗರನ್ನ ಕಳಿಸಿದ್ರು, ಜ್ವರ ಬಂತು, ಕಿತೇರಿಯ ಅತ್ತೆ ಆ ಜ್ವರದಲ್ಲೇ ಹೋದ್ರು. ಮಣ್ಣು ಮಾಡೋ ದಿನ ಫ್ಲೋರಿಂಡಾ ಬಂದಿದ್ಳು, ಅಮ್ಮನ ಮುಖಕ್ಕೆ ಲೇಸು ಹಾಕಿದ್ಳು, ಅಪ್ಪನ ಪಕ್ಕದಲ್ಲೇ ನಿಂತಿದ್ಳು, ಸಂಜೆ ಗಾಡಿ ಹತ್ತಿ ಹೋದ್ಳು. ಮೂರು ಮಾತು ಆಡಿದ್ರೇ ಜಾಸ್ತಿ. ಎರಡು ವರ್ಷದ ಹಿಂದೆ ಸೈನ್ಯದೋರು ಬಂದು ಪ್ರಜಾರಾಜ್ಯನೂ ಮುಗಿಸಿದ್ರಲ್ಲ, ಆವಾಗ ಕಸಿಮೀರು ಅಂಗಡಿ ಬಾಗಿಲು ಹಾಕ್ಕೊಂಡು ಅಳ್ತಿದ್ದ. ಮಾಮ ಹೋಗಿ ಪಕ್ಕದಲ್ಲಿ ಕೂತ್ರು. "ಹದಿನಾರು ವರ್ಷ ಇತ್ತಲ್ಲೋ, ಸಾಕು ಬಿಡು, ನನ್ನ ಹಲ್ಲು ಅಷ್ಟು ವರ್ಷ ಇರ್ಲಿಲ್ಲ" ಅಂದ್ರು. ಕಸಿಮೀರು, "ನಿಂಗೆ ದುಃಖ ಆಗಲ್ವಾ?" ಅಂದ. "ನಂದು ಮೊದಲನೇ ದಿನಾನೇ ಆಗಿ ಹೋಯ್ತು" ಅಂದ್ರು ಮಾಮ.

ಮಾಮ ಪ್ರಜಾರಾಜ್ಯನ ಇವತ್ತಿಗೂ ಬಿಟ್ಟುಕೊಡಲ್ಲ, ತಪ್ಪು ತಿಳ್ಕೋಬೇಡಿ. ರಾಜ ಹೋಗ್ಬೇಕಿತ್ತು, ಹೋದ, ಒಳ್ಳೇದಾಯ್ತು ಅಂತಾನೇ ಹೇಳ್ತಾರೆ. ಆದ್ರೆ ಅವ್ರ ಆ ದಿನ, ಮದುವೆಗಿಂತ ಸಂತೋಷದ ದಿನ, ಅದನ್ನ ನೆನೆಸ್ಕೊಳ್ಳೋಕೆ ಆಗಲ್ಲ ಅವರಿಗೆ. ಐದನೇ ತಾರೀಕು ಬಂದ್ರೆ ಕಿಟಕಿ ಹಾಕ್ಕೊಂಡು ಕೂರ್ತಾರೆ.

ಹೋದ ವಸಂತದಲ್ಲಿ ನಮ್ಮ ಚಿಕ್ಕಮ್ಮನ ಮನೇಗೆ ಅಂತ ನಾನು ಲಿಸ್ಬನ್ಗೆ ಹೊರಟೆ. ಹೊರಡೋ ಮುಂಚೆ ಮಾಮನ್ನ ಕೇಳ್ದೆ, ಫ್ಲೋರಿಂಡಾ ಅಕ್ಕನ್ನ ನೋಡ್ಲಾ ಅಂತ. ಕೈಲಿದ್ದ ಬಲೆ ಪಕ್ಕಕ್ಕಿಟ್ರು. ಆಮೇಲೆ ನಂಗೆ ಆ ದೋಣಿ ಒಳಗಿನ ವಿಷಯ, ಮೊಣಕಾಲು ಹಿಡ್ಕೊಂಡಿದ್ದು, ದಂಡೆ ಹತ್ರಾನೇ ಇದ್ದಿದ್ದು, ಎಲ್ಲ ಹೇಳಿದ್ರು. ಅಲ್ಲೀವರೆಗೆ ಅದನ್ನ ನಂಗೂ ಹೇಳಿರ್ಲಿಲ್ಲ.

"ನಂಗೆ ಗೊತ್ತಿರ್ಲಿಲ್ಲ ಅಂತ ಅವಳಿಗೆ ಹೇಳಿದ್ನಲ್ಲ. ದಂಡೇಲಿ ಗೊತ್ತಿರ್ಲಿಲ್ಲ, ನಿಜ. ದೋಣೀಲಿ ಗೊತ್ತಾಯ್ತು. ತಿರುಗ್ಸಬಹುದಿತ್ತು. ಇದನ್ನ ಅವಳಿಗೆ ಹೇಳ್ತೀಯಾ?"

ನಾನು ಹೂಂ ಅಂದೆ. ನಂಗೆ ಏನೋ ದೊಡ್ಡ ಕೆಲಸ ಸಿಕ್ಕಿದ ಹಾಗೆ ಆಯ್ತು. ದಾರಿ ಪೂರ್ತಿ ಹೇಗೆ ಶುರು ಮಾಡ್ಲಿ ಅಂತ ಯೋಚನೆ ಮಾಡ್ಕೊಂಡು ಹೋದೆ.

ಅಂಗಡಿ ಸಣ್ಣದು, ಬೆಟ್ಟದ ಕಡೆ ಹೋಗೋ ಬೀದೀಲಿ, ಒಳಗೆ ಬೇಯೋ ಸೆಕೆ. ಫ್ಲೋರಿಂಡಾ ಅಕ್ಕಂಗೆ ಈಗ ನಲವತ್ತು ದಾಟಿದೆ. ಮದುವೆ ಆಗ್ಲಿಲ್ಲ. ನಾಲ್ಕು ಹುಡುಗೀರು ಅವರ ಕೈಕೆಳಗೆ ಕೆಲಸ ಮಾಡ್ತಾರೆ. ಇಸ್ತ್ರಿ ಪೆಟ್ಟಿಗೆ ಕೆನ್ನೆ ಹತ್ರ ಹಿಡಿದು ಬಿಸಿ ನೋಡ್ತಾರೆ. ನಾನು ಯಾರ ಮಗಳು ಅಂತ ಹೇಳಿದ ತಕ್ಷಣ ಸ್ಟೂಲು ಎಳೆದು ಕೂರಿಸಿ, ರೊಟ್ಟಿ, ಚೀಸು ಕೊಟ್ರು. ಊರೋರೆಲ್ಲರನ್ನೂ ವಿಚಾರಿಸಿದ್ರು. ಆದೆಲೀನು ಬೆನ್ನು ಹೇಗಿದೆ, ಕಸಿಮೀರು ಇನ್ನೂ ಭಾಷಣ ಮಾಡ್ತಾನಾ, ನಿಮ್ಮಮ್ಮನ ದನಿ ಇನ್ನೂ ಮೂರು ಬೀದಿಗೆ ಕೇಳತ್ತಾ. ಒಬ್ರನ್ನ ಬಿಟ್ಟು ಎಲ್ಲರನ್ನೂ ಕೇಳಿದ್ರು.

ನಾನು ರೊಟ್ಟಿ ಕೆಳಗಿಟ್ಟು, "ಅಕ್ಕ, ಮಾಮ ನಿಮಗೆ ಒಂದು ವಿಷಯ ಹೇಳು ಅಂದಿದ್ದಾರೆ" ಅಂದೆ.

ಅವರು ಅಂಗಿ ತೋಳಿನ ಮೇಲೆ ಪೆಟ್ಟಿಗೆ ಎಳೀತಾನೇ, "ದೋಣೀಲಿ ನಡೆದದ್ದಾ?" ಅಂದ್ರು.

ನಿಮಗೆ ಹೇಗೆ ಗೊತ್ತು ಅಂದೆ.

"ನಾನು ನೀರಲ್ಲಿ ನಿಂತಿದ್ದೆ ಕಣಮ್ಮ. ಅವರು ಕೈಯಲ್ಲಿ ತಡವಿದ್ದು ನೋಡಿದೆ. ಅಪ್ಪನ ಕಾಲು ಹಿಡ್ಕೊಂಡಿದ್ದು ನೋಡಿದೆ. ಅಪ್ಪ ಬಗ್ಗಿ ಅವರ ಮುಖ ನೋಡಿದ್ದು ನೋಡಿದೆ. ಈಗ ತಿರುಗಿಸ್ತಾನೆ ಅಂದ್ಕೊಂಡು ಗಂಟು ತಲೆ ಮೇಲೆ ಇಟ್ಕೊಂಡೆ." ಪೆಟ್ಟಿಗೆ ಪಕ್ಕಕ್ಕೆ ಇಟ್ರು. "ಆ ದಿನ ಮನೇಲಿ ನಂಗೆ ಗೊತ್ತಿರ್ಲಿಲ್ಲ ಅಂದ. ಹದಿನೆಂಟು ವರ್ಷದಿಂದ ಕಾಯ್ತಿದ್ದೀನಿ, ಗೊತ್ತಿತ್ತು ಅಂತ ಅವನೇ ಬಂದು ಹೇಳ್ಲಿ ಅಂತ. ನಿನ್ನ ಬಾಯಲ್ಲಿ ಬೇಡ. ನೀನು ಒಳ್ಳೆ ಹುಡುಗಿ, ಇದನ್ನ ಹೊತ್ಕೊಂಡು ಓಡಾಡ್ಬೇಡ."

"ಅವರಿಗೆ ವಯಸ್ಸಾಗಿದೆ ಅಕ್ಕ. ನೀವೇ ಒಂದು ಸಲ…"

"ನಾನು ಇಳಿ ಅಂದಾಗ ಇಳಿದೆ" ಅಂದ್ರು. "ಈಗ ಹತ್ತೋದು ಅವನ ಸರದಿ. ಊರ ಚೌಕದಿಂದ ಬಸ್ಸು ಬರತ್ತಲ್ಲ."

ನಾನು ವಾಪಸ್ ಬಂದು ಇದನ್ನ ಹಾಗ್ಹಾಗೇ ಮಾಮಂಗೆ ಹೇಳ್ದೆ. ಅವಳು ನೋಡಿದ್ಳಾ ಅಂತ ಒಂದೇ ಮಾತು ಕೇಳಿದ್ರು. ಹೂಂ ಅಂದೆ. ಮುಖ ಗೋಡೆ ಕಡೆ ತಿರುಗಿಸ್ಕೊಂಡ್ರು. ಆಮೇಲೆ ಮೂರು ಸಲ ಅವರನ್ನ ಚೌಕದವರೆಗೆ ಕರ್ಕೊಂಡು ಹೋಗಿದ್ದೀನಿ. ಒಳ್ಳೇ ಅಂಗಿ ಹಾಕ್ಕೊಂಡೇ ಬರ್ತಾರೆ. ಬಸ್ಸು ಬರತ್ತೆ, ಬಾಗಿಲು ತೆಗೆಯತ್ತೆ, ಹತ್ತಿ ಮಾಮ ಅಂತೀನಿ. ಸಮುದ್ರ ಸರಿಯಿಲ್ಲ ಇವತ್ತು ಅಂತಾರೆ. ಬಸ್ಸಿಗೂ ಸಮುದ್ರಕ್ಕೂ ಏನು ಸಂಬಂಧ ಮಾಮ ಅಂದ್ರೆ, "ನಿಂಗೆ ಗೊತ್ತಾಗಲ್ಲ, ನೀನು ದೋಣಿ ನಡೆಸಿಲ್ಲ" ಅಂತಾರೆ. ಕಂಡಕ್ಟರ್ ನಕ್ಕು ಗಂಟೆ ಹೊಡೀತಾನೆ.

ನನ್ನ ಮಾತು ಸಾಲ್ತಿಲ್ಲ ಅನ್ಸತ್ತೆ. ಚಿಕ್ಕೋಳು, ಮನೆ ಹುಡುಗಿ, ಬೈದು ಕಳಿಸಿಬಿಡ್ತಾರೆ. ನೀವು ಎರಿಸೇರಕ್ಕೆ ಬಂದ್ರೆ ವೈನಂಗಡಿ ಕತೆಗಾರರ ಹತ್ರ ಹೊತ್ತು ಹಾಳು ಮಾಡ್ಬೇಡಿ. ದಂಡೆಗೆ ಇಳಿಯೋ ದಾರೀಲಿ ಕೊನೇ ಮನೆ, ನೀಲಿ ಪಟ್ಟೆ ಬಳಿದಿರೋದು, ಮುಂದೆ ಬಲೆ ಹರಡಿರತ್ತೆ. ರಾಜನ ಬಗ್ಗೆ ಕೇಳ್ಬೇಡಿ. ಬೆಳಿಗ್ಗೆ ಹೋಗಿ, ಮಧ್ಯಾಹ್ನದ ಬಸ್ಸಿಗೆ ಇನ್ನೂ ಹೊತ್ತಿರತ್ತೆ. ನೀವು ಲಿಸ್ಬನ್ಗೆ ಹೋಗ್ತಿದ್ದೀರ, ಒಬ್ರೇ ಹೋಗಕ್ಕೆ ಬೇಜಾರು, ಪಕ್ಕದಲ್ಲಿ ಕೂರೋಕೆ ಒಬ್ರು ಬೇಕು ಅಂತ ಹೇಳಿ ನೋಡಿ. ಹೊರಗಿನೋರು ಕೇಳಿದ್ರೆ ಇಲ್ಲ ಅನ್ನಕ್ಕೆ ಅವರಿಗೆ ಸಂಕೋಚ ಆಗತ್ತೆ. ಮಾಮಂಗೆ ಕೆಮ್ಮು ಈ ಚಳೀಲಿ ಜಾಸ್ತಿ ಆಗಿದೆ. ಆದಷ್ಟು ಬೇಗ ಹೋಗಿ, ಒಂದ್ಸಲ ಭೇಟಿ ಆಗಿ ಅವರನ್ನ.